ಹಳೇ ಗಾರ್ಡನ್ ಟ್ರ್ಯಾಕ್ಟರ್‌ಗೆ ಬೇರೆ ಇಂಜಿನ್ ಹಾಕೋರಿಗೆ: ಎಚ್‌ಪಿ ಆಮೇಲೆ, ಮೊದ್ಲು ಶಾಫ್ಟ್ ಅಳೀರಿ

ಅಮೆರಿಕದಲ್ಲಿ ಸಿಟಿ ಬಿಟ್ಟು ಸ್ವಲ್ಪ ದೂರ ಎರಡ್ಮೂರು ಎಕರೆ ಜಾಗ ಇರೋ ಮನೆ ತಗೊಂಡಿರೋ ನಮ್ಮವರು ಈಗ ಸುಮಾರು ಜನ ಇದ್ದಾರೆ. ಅವರ ಶೆಡ್‌ನಲ್ಲಿ ಒಂದು ಹಳೇ ಗಾರ್ಡನ್ ಟ್ರ್ಯಾಕ್ಟರ್ ನಿಂತಿರುತ್ತೆ, ಒಂದೋ ಹಳೇ ಮಾಲೀಕರು ಬಿಟ್ಟು ಹೋಗಿದ್ದು, ಇಲ್ಲಾ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಸಸ್ತಾಗೆ ಸಿಕ್ತು ಅಂತ ಎಳ್ಕೊಂಡು ಬಂದಿದ್ದು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಾಲದ ಕಬ್ ಕೆಡೆಟ್, ಟೋರೋ ತಗೊಳ್ಳೋಕೆ ಮುಂಚಿನ ವೀಲ್ ಹಾರ್ಸ್, ಜಾನ್ ಡಿಯರ್ 110, 140, 318, ಇಂಥವು. ಚಾಸಿ ಗಟ್ಟಿ, ಗೇರ್‌ಬಾಕ್ಸ್ ಎರಕದ ಕಬ್ಬಿಣದ್ದು, ಹಿಂದೆ ಟಿಲ್ಲರ್ ಕಟ್ಟಿದ್ರೆ ನೆಲ ಉಳುತ್ತೆ, ಚಳಿಗಾಲದಲ್ಲಿ ಮುಂದೆ ಬ್ಲೇಡ್ ಹಾಕಿದ್ರೆ ಡ್ರೈವ್‌ವೇ ಹಿಮ ತಳ್ಳುತ್ತೆ. ಇಂಜಿನ್ ಮಾತ್ರ ಹೊಗೆ ಕಾರುತ್ತೆ, ಇಲ್ಲಾ ಜಾಮ್ ಆಗಿ ಕೂತಿರುತ್ತೆ.

ಆಗ ಎಲ್ಲರೂ ಮಾಡೋ ಮೊದಲ ಕೆಲಸ ಏನಂದ್ರೆ, ಹಳೇದು 12 ಎಚ್‌ಪಿ ಇತ್ತು, ನಾನು 22 ಎಚ್‌ಪಿದು ಹಾಕಿಸಿ ಬಿಡ್ತೀನಿ ಅಂತ ಆನ್‌ಲೈನ್‌ನಲ್ಲಿ ಇಂಜಿನ್ ಹುಡುಕೋಕೆ ಕೂರೋದು. ಶುರು ಮಾಡೋ ಜಾಗ ಅದಲ್ಲ. ಇಂಜಿನ್ ಸಿಗೋದು ಕಷ್ಟ ಏನಲ್ಲ, ದುಡ್ಡೂ ಟೈಮೂ ತಿನ್ನೋದು ಇಂಜಿನ್‌ಗೂ ಟ್ರ್ಯಾಕ್ಟರ್‌ಗೂ ಮಧ್ಯ ಬರೋ ಸಾಮಾನು, ಅಂದ್ರೆ ಪುಲಿ, ಕಪ್ಲಿಂಗ್, ಬುಷ್, ಮೌಂಟ್ ಪ್ಲೇಟ್, ಸೈಲೆನ್ಸರ್, ವೈರಿಂಗ್. ಅದನ್ನ ಮೊದ್ಲು ಲೆಕ್ಕ ಹಾಕಿದ್ರೆ ಯಾವ ಇಂಜಿನ್ ತಗೋಬೇಕು ಅನ್ನೋದು ಅರ್ಧಕ್ಕರ್ಧ ತಾನೇ ಗೊತ್ತಾಗುತ್ತೆ.

ಇನ್ನೊಂದು ಮಾತು ಶುರುವಲ್ಲೇ ಹೇಳಿ ಬಿಡ್ತೀನಿ. ಹುಲ್ಲು ಕತ್ತರಿಸೋಕೆ ಅಂತ ದೊಡ್ಡ ಅಂಗಡಿಗಳಲ್ಲಿ ಸಿಗೋ ಲಾನ್ ಟ್ರ್ಯಾಕ್ಟರ್ ಬೇರೆ, ಇದು ಬೇರೆ. ಅದರಲ್ಲಿ ಇಂಜಿನ್ ಶಾಫ್ಟ್ (ಇಂಜಿನ್ ಪವರ್ ಆಚೆ ಕೊಡೋ, ತಿರುಗೋ ಕಂಬಿ) ಕೆಳಮುಖ ಇರುತ್ತೆ, ಚಾಸಿ ತೆಳು ತಗಡು, ಟ್ರಾನ್ಸ್‌ಆಕ್ಸಲ್ಲೂ ಹಗುರದ್ದು, ಅಂಥದಕ್ಕೆ ಹೊಸ ಇಂಜಿನ್ ದುಡ್ಡು ಸುರಿಯೋದು ನನ್ನ ಪ್ರಕಾರ ದಂಡ. ನಾನು ಹೇಳ್ತಿರೋದೆಲ್ಲ ಶಾಫ್ಟ್ ಅಡ್ಡಡ್ಡ ಇರೋ ಹಳೇ ಗಟ್ಟಿ ಗಾಡಿಗಳ ಬಗ್ಗೆ.

ಮೊದಲು, ಹಳೇ ಇಂಜಿನ್ ನಿಜವಾಗ್ಲೂ ಸತ್ತಿದ್ಯಾ?

ಈ ಗಾಡಿಗಳಲ್ಲಿ ತುಂಬಾ ಕಡೆ ಇರೋದು ಕೋಹ್ಲರ್ ಕೆ ಸೀರೀಸ್ ಇಂಜಿನ್ನು. ಕೆ241 ಅಂದ್ರೆ 10 ಎಚ್‌ಪಿ, ಕೆ301 12, ಕೆ321 14, ಕೆ341 16. ಎಲ್ಲಾ ಒಂದೇ ಸಿಲಿಂಡರು, ಬ್ಲಾಕ್ ಪೂರ್ತಿ ಎರಕದ ಕಬ್ಬಿಣ, ವಾಲ್ವ್ ಪಕ್ಕದಲ್ಲಿರೋ ಫ್ಲಾಟ್‌ಹೆಡ್. ಇವು ಸಾಯೋದು ಕಮ್ಮಿ, ಸವೆಯೋದು ಜಾಸ್ತಿ. ಸವೆದಿದ್ದನ್ನ ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕಬಹುದು, ಪಿಸ್ಟನ್ನು ರಿಂಗು ಕನೆಕ್ಟಿಂಗ್ ರಾಡು ಗ್ಯಾಸ್ಕೆಟ್ಟು ಇವತ್ತಿಗೂ ಸಿಗುತ್ತೆ.

ಕಂಪ್ರೆಷನ್ ಗೇಜ್ ಹಾಕಿ ನೋಡ್ದೆ, ತುಂಬಾ ಕಮ್ಮಿ ತೋರಿಸ್ತು, ಇಂಜಿನ್ ಹೋಯ್ತು ಅನ್ನೋರು ಸ್ವಲ್ಪ ತಡೀರಿ. ಕೋಹ್ಲರ್ ಕೆ ಇಂಜಿನ್‌ನಲ್ಲಿ ಸ್ಟಾರ್ಟ್ ಮಾಡೋವಾಗ ಸುಲಭ ಆಗ್ಲಿ ಅಂತ ಕ್ಯಾಮ್‌ಶಾಫ್ಟ್‌ನಲ್ಲೇ ಒಂದು ಕಂಪ್ರೆಷನ್ ರಿಲೀಸ್ ಇದೆ, ನಿಧಾನಕ್ಕೆ ತಿರುಗೋವಾಗ ಅದು ಎಕ್ಸಾಸ್ಟ್ ವಾಲ್ವನ್ನ ಸ್ವಲ್ಪ ಎತ್ತಿ ಹಿಡಿದಿರುತ್ತೆ, ಹಾಗಾಗಿ ಗೇಜ್ ಹೇಳೋ ನಂಬರ್ ನಂಬೋ ಹಾಗಿಲ್ಲ. ಬೇಕಾಗಿರೋದು ಲೀಕ್‌ಡೌನ್ ಟೆಸ್ಟ್. ಪಿಸ್ಟನ್ ಕಂಪ್ರೆಷನ್ ಸ್ಟ್ರೋಕ್‌ನಲ್ಲಿ ಮೇಲಕ್ಕೆ ಬಂದು ನಿಂತಾಗ ಫ್ಲೈವೀಲ್ ಅಲ್ಲಾಡದಂತೆ ಗಟ್ಟಿಯಾಗಿ ಬಂದೋಬಸ್ತ್ ಮಾಡಿ (ಗಾಳಿ ಬಿಟ್ಟ ತಕ್ಷಣ ಪಿಸ್ಟನ್ ಕೆಳಗೆ ತಳ್ಳುತ್ತೆ, ಕೈ ಬೆರಳು ಜೋಪಾನ) ಸ್ಪಾರ್ಕ್ ಪ್ಲಗ್ ತೂತಿಂದ ಕಂಪ್ರೆಸರ್ ಗಾಳಿ ಬಿಡೋದು. ಆಮೇಲೆ ಕಿವಿ ಕೊಟ್ಟು ಕೇಳೋದು ಅಷ್ಟೆ. ಆಯಿಲ್ ಹಾಕೋ ಬಾಯಲ್ಲಿ ಸುಯ್ ಅಂತಿದ್ರೆ ರಿಂಗು ಇಲ್ಲಾ ಬೋರು ಸವೆದಿದೆ. ಸೈಲೆನ್ಸರ್ ಕಡೆಯಿಂದ ಬಂದ್ರೆ ಎಕ್ಸಾಸ್ಟ್ ವಾಲ್ವ್, ಕಾರ್ಬ್ಯುರೇಟರ್ ಕಡೆಯಿಂದ ಬಂದ್ರೆ ಇನ್‌ಟೇಕ್ ವಾಲ್ವ್, ಹೆಡ್ ಬೋಲ್ಟ್ ಸುತ್ತ ಬಂದ್ರೆ ಗ್ಯಾಸ್ಕೆಟ್. ವಾಲ್ವೋ ಗ್ಯಾಸ್ಕೆಟ್ಟೋ ಆಗಿದ್ರೆ ಇಂಜಿನ್ ಬದಲಾಯಿಸೋ ಮಾತೇ ಬೇಡ, ಒಂದು ವೀಕೆಂಡ್ ಕೆಲಸ.

ಬೋರ್ ಹೊಡೆಸಿ, ಪಿಸ್ಟನ್ನು, ರಾಡು, ವಾಲ್ವು ಎಲ್ಲಾ ಹೊಸದು ಹಾಕಿದ್ರೆ ಖರ್ಚು ಚೀನಾದ ಒಂದು ಸಿಲಿಂಡರ್ ಹೊಸ ಇಂಜಿನ್‌ಗಿಂತ ಜಾಸ್ತಿನೇ ಬರುತ್ತೆ, ಅದು ನಿಜ. ಆದ್ರೆ ಅದು ತಿರುಗಿ ಅದೇ ಬೋಲ್ಟ್ ಮೇಲೆ ಕೂರುತ್ತೆ, ಅದೇ ಪುಲಿ, ಅದೇ ಸೈಲೆನ್ಸರ್, ಒಂದು ವೈರ್ ಕೂಡ ಮುಟ್ಟೋ ಕೆಲಸ ಇಲ್ಲ. ಆ ಉಳಿತಾಯ ಯಾರೂ ಲೆಕ್ಕಕ್ಕೆ ತಗೊಳಲ್ಲ. ನಮ್ಮ ಊರಲ್ಲಾದ್ರೆ ಪವರ್ ಟಿಲ್ಲರ್ ರಿಪೇರಿ ಮಾಡೋ ಗ್ಯಾರೇಜ್ ಪಕ್ಕದಲ್ಲೇ ಲೇತ್ ಇರುತ್ತೆ, ಅಣ್ಣಾ ಒಂದು ಬುಷ್ ಹೊಡ್ಕೊಡಿ ಅಂದ್ರೆ ಟೀ ಕುಡಿಯೋ ಅಷ್ಟರಲ್ಲಿ ರೆಡಿ. ಇಲ್ಲಿ ಮಷೀನ್ ಶಾಪ್‌ಗೆ ಹೋದ್ರೆ ಗಂಟೆ ಲೆಕ್ಕದ ಬಿಲ್ಲು, ಎರಡು ಚಿಕ್ಕ ಬುಷ್ ಮಾಡಿಸಿದ್ರೆ ಅರ್ಧ ಇಂಜಿನ್ ದುಡ್ಡು ಹೋಯ್ತು.

ನನ್ನ ಅಭಿಪ್ರಾಯ ಕೇಳಿದ್ರೆ, ಕೆ ಸೀರೀಸ್ ಬ್ಲಾಕ್ ಒಡೆದಿಲ್ಲ ಅಂದ್ರೆ ಅದನ್ನೇ ರಿಪೇರಿ ಮಾಡ್ಸಿ. ಬ್ಲಾಕ್‌ಗೆ ಕಿಟಕಿ ಬಿದ್ದಿದ್ರೆ, ಅಂದ್ರೆ ರಾಡ್ ಮುರಿದು ಗೋಡೆ ಒಡ್ಕೊಂಡು ಆಚೆ ಬಂದಿದ್ರೆ, ಆಗ ಬೇರೆ ಇಂಜಿನ್ ನೋಡಿ. ಬಿಚ್ಚಿದಾಗ ಒಳಗೆ ಬ್ಯಾಲೆನ್ಸ್ ಗೇರ್ ಕಂಡ್ರೆ ಅದರ ಪರಿಸ್ಥಿತಿ ಚೆನ್ನಾಗಿ ನೋಡಿ, ಹಳೇದಾದಾಗ ಅದು ಪುಡಿಯಾಗಿ ಇಡೀ ಇಂಜಿನ್ ತಗೊಂಡು ಹೋಗೋದುಂಟು, ರೀಬಿಲ್ಡ್ ಮಾಡೋ ಎಷ್ಟೋ ಜನ ಅದನ್ನ ತೆಗೆದೇ ಬಿಡ್ತಾರೆ, ವೈಬ್ರೇಷನ್ ಸ್ವಲ್ಪ ಜಾಸ್ತಿ ಆಗುತ್ತೆ ಅಷ್ಟೆ.

ಆನನ್ ಇಂಜಿನ್ ಕಥೆ ಇದಕ್ಕೆ ಉಲ್ಟಾ. ಜಾನ್ ಡಿಯರ್ 318 (1983ರಿಂದ 1992ರವರೆಗೆ ಬಂದಿದ್ದು) ಗಾಡಿಯಲ್ಲಿ ಇರೋದು ಎದುರು ಬದುರು ಎರಡು ಸಿಲಿಂಡರ್ ಮಲಗಿರೋ ಆನನ್, ಮೊದಮೊದಲು ಬಿ43ಜಿ, ಆಮೇಲೆ ಪಿ218ಜಿ. ಓಡೋವಾಗ ಬೆಣ್ಣೆ ತರ ಓಡುತ್ತೆ. ಆದ್ರೆ ತಗಡಿನ ಕವರ್ ಒಳಗೆ ಹುಲ್ಲು ಧೂಳು ತುಂಬ್ಕೊಂಡು ಸಿಲಿಂಡರ್ ಫಿನ್ ಮುಚ್ಚಿ ಹೋದ್ರೆ ಕಾದು ಕಾದು ವಾಲ್ವ್ ಸೀಟ್ ಸಡಿಲ ಆಗುತ್ತೆ, ಆಮೇಲೆ ಕೆಲವು ಪಾರ್ಟ್ ಹುಡುಕೋದೇ ಒಂದು ತಲೆನೋವು, ಸಿಕ್ಕಿದ್ರೂ ರೇಟ್ ನೋಡಿ ಬೇಡ ಅನಿಸುತ್ತೆ. 318 ಬಾಡಿ ಚೆನ್ನಾಗಿದ್ದು ಆನನ್ ಹೋಗಿದ್ರೆ ರೀಬಿಲ್ಡ್‌ಗೆ ಕೈ ಹಾಕದೆ ಸೀದಾ ವಿ-ಟ್ವಿನ್ (ಎರಡು ಸಿಲಿಂಡರ್ V ಆಕಾರದಲ್ಲಿರೋ ಇಂಜಿನ್) ಹಾಕೋದೇ ವಾಸಿ. ಈ ಮಾಡೆಲ್‌ಗೆ ಅಂತಲೇ ಮೌಂಟ್, ಕಪ್ಲಿಂಗ್, ಸೈಲೆನ್ಸರ್ ಸೇರಿಸಿ ಕಿಟ್ ಮಾರೋರು ಇದ್ದಾರೆ. ಕಿಟ್ ರೇಟ್ ನೋಡಿ ಗಾಬರಿ ಆಗಬೇಡಿ, ಒಂದೊಂದೇ ತರಿಸಿ ಹೊಂದಿಸೋ ಹೊತ್ತಿಗೆ ಅಷ್ಟೇ ಆಗಿರುತ್ತೆ.

ಗಾಡಿ ಪವರ್ ಎಲ್ಲಿಂದ ತಗೊಳ್ಳುತ್ತೆ ನೋಡಿ

ಎಲ್ಲಕ್ಕಿಂತ ಮುಖ್ಯ ಇದು, ಜನ ನೋಡದೇ ಇರೋದೂ ಇದೇ.

ವೀಲ್ ಹಾರ್ಸ್, ಜಾನ್ ಡಿಯರ್ 110 ತರದ ಗಾಡಿಗಳು ಬೆಲ್ಟ್ ಗಾಡಿಗಳು. ಇಂಜಿನ್ ಶಾಫ್ಟ್‌ಗೆ ಪುಲಿ, ಪುಲಿಯಿಂದ ಬೆಲ್ಟ್, ಬೆಲ್ಟಿಂದ ಗೇರ್‌ಬಾಕ್ಸ್. ಇವು ಬದಲಾಯಿಸೋಕೆ ಸುಲಭ, ಯಾಕಂದ್ರೆ ಶಾಫ್ಟ್ ಅರ್ಧ ಇಂಚು ಆಚೆ ಈಚೆ ಆದ್ರೂ ಪುಲಿ ಸರಿಸಿ ಬೆಲ್ಟ್ ಲೈನ್ ಹೊಂದಿಸಬಹುದು.

ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಬ್ ಕೆಡೆಟ್‌ನಲ್ಲಿ ಹಾಗಲ್ಲ. ಅದರಲ್ಲಿ ಇಂಜಿನ್‌ನ ಎರಡೂ ತುದಿಗೆ ಕೆಲಸ ಇದೆ. ಮುಂದಿನ ತುದಿಯಲ್ಲಿ ಪಿಟಿಒ (ಇಂಜಿನ್ ಪವರನ್ನ ಬೇರೆ ಸಾಮಾನಿಗೆ ಕೊಡೋ ವ್ಯವಸ್ಥೆ) ಕ್ಲಚ್, ಅದು ಮೋವರ್ ಡೆಕ್ ತಿರುಗಿಸೋಕೆ. ಹಿಂದೆ ಡ್ಯಾಶ್‌ಬೋರ್ಡ್ ಕಡೆ ಫ್ಲೈವೀಲ್ ಇರುತ್ತೆ, ಆ ಫ್ಲೈವೀಲ್‌ಗೆ ಒಂದು ಪ್ಲೇಟ್ ಬೋಲ್ಟ್ ಮಾಡಿ ಅಲ್ಲಿಂದ ಡ್ರೈವ್‌ಶಾಫ್ಟ್ ಹಿಂದಕ್ಕೆ ಹೋಗಿ ಗಾಡಿ ಓಡಿಸೋದು. ಹೊಸ ಇಂಜಿನ್‌ಗಳಲ್ಲಿ ಫ್ಲೈವೀಲ್ ಕಡೆ ಪ್ಲಾಸ್ಟಿಕ್ ಫ್ಯಾನು, ಜಾಲರಿ ಇರುತ್ತೆ ಹೊರತು ಶಾಫ್ಟ್ ಇರಲ್ಲ. ಸರಿ ಬಿಡು, ಇಂಜಿನ್ನೇ ತಿರುಗಿಸಿ ಕೂರಿಸಿ ಶಾಫ್ಟ್ ಹಿಂದಕ್ಕೆ ಮಾಡಿದ್ರಾಯ್ತು ಅಂತ ತಲೆ ಓಡಿಸೋರು ಇದ್ದಾರೆ. ಈ ಇಂಜಿನ್‌ಗಳು ಹೆಚ್ಚುಕಮ್ಮಿ ಎಲ್ಲವೂ ಶಾಫ್ಟ್ ಎದುರು ನಿಂತು ನೋಡಿದ್ರೆ ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗೋವು. ಇಂಜಿನ್ ತಿರುಗಿಸಿ ಕೂರಿಸಿದ್ರೆ ಡ್ರೈವ್‌ಶಾಫ್ಟ್ ಉಲ್ಟಾ ಸುತ್ತುತ್ತೆ, ಮೂರು ಗೇರ್ ಮುಂದಕ್ಕೆ ಒಂದು ಹಿಂದಕ್ಕೆ ಇದ್ದ ಗಾಡಿ ಮೂರು ಹಿಂದಕ್ಕೆ ಒಂದು ಮುಂದಕ್ಕೆ ಆಗುತ್ತೆ. ತಮಾಷೆ ಅಲ್ಲ, ನಿಜವಾಗಿ ಹಾಗೇ ಆಗೋದು. ಹಾಗಾಗಿ ಕಬ್ ಕೆಡೆಟ್ ಇರೋರು ಇಂಜಿನ್ ಹುಡುಕೋ ಮುಂಚೆ ಫ್ಲೈವೀಲ್ ಕಡೆಯಿಂದ ಡ್ರೈವ್ ತೆಗೆಯೋ ಅಡಾಪ್ಟರ್ ಯಾವ ಇಂಜಿನ್‌ಗೆ ಸಿಗುತ್ತೆ ನೋಡಿ, ಆ ಇಂಜಿನ್ನೇ ತಗೊಳ್ಳಿ. ಸಿಗಲ್ಲ ಅಂದ್ರೆ ಇನ್ನೊಂದು ಹಳೇ ಕೆ ಇಂಜಿನ್ ಹುಡುಕಿ. ಅದರಲ್ಲೂ ಆಯಿಲ್ ಪ್ಯಾನ್ ನೋಡ್ಕೊಳ್ಳಿ, ಕಬ್ ಕೆಡೆಟ್‌ನ ಅಗಲ ಕಮ್ಮಿ ಇರೋ ಚಾಸಿಗೂ ಅಗಲ ಇರೋ ಚಾಸಿಗೂ ಪ್ಯಾನ್ ಬೇರೆ ಬೇರೆ. ಅದೃಷ್ಟಕ್ಕೆ ಪ್ಯಾನ್ ಬಿಚ್ಚಿ ನಿಮ್ಮ ಹಳೇದನ್ನ ಹಾಕ್ಕೋಬಹುದು.

318 ತರದ ಡ್ರೈವ್‌ಶಾಫ್ಟ್ ಇರೋ ಹೈಡ್ರೋ (ಗೇರ್ ಬದಲು ಆಯಿಲ್ ಒತ್ತಡದಿಂದ ಓಡೋ) ಗಾಡಿಗಳಲ್ಲಿ ಇಂಜಿನ್ ಎತ್ತರ ಒಂಚೂರು ತಪ್ಪಿದ್ರೂ ಕಪ್ಲಿಂಗ್ ಬೇಗ ತಿಂದು ಹೋಗುತ್ತೆ, ಕಿಟ್ ತಗೊಳ್ಳಿ ಅಂದಿದ್ದು ಇದಕ್ಕೇ.

ಅಳತೆ ಹಿಡಿಯೋದು

ವರ್ನಿಯರ್ ಕ್ಯಾಲಿಪರ್ ಇಲ್ದಿದ್ರೆ ಒಂದು ತಗೊಳ್ಳಿ, ಟೇಪ್ ಇಟ್ಕೊಂಡು ಸುಮಾರು ಒಂದಿಂಚು ಅನ್ನೋ ಹಾಗಿಲ್ಲ. ಹಳೇ ಇಂಜಿನ್ ಇನ್ನೂ ಗಾಡಿ ಮೇಲಿರುವಾಗಲೇ ಅಳೀರಿ, ಫೋಟೋ ತೆಗೀರಿ.

ಶಾಫ್ಟ್ ದಪ್ಪ ಮೊದಲು. ಇಲ್ಲಿ ಸಿಗೋ ಸೈಜು ಮುಕ್ಕಾಲು ಇಂಚು, 1 ಇಂಚು, 1-1/8 ಇಂಚು. ಮುಕ್ಕಾಲು ಇಂಚಿಂದು ಗಾರ್ಡನ್ ಟ್ರ್ಯಾಕ್ಟರ್‌ಗೆ ಬೇಡ ಬಿಡಿ, ಅದು ಸಣ್ಣ ಪಂಪಿಗೆ, ಗೋ-ಕಾರ್ಟ್‌ಗೆ ಸರಿ. ನಿಮ್ಮ ಹಳೇ ಪುಲಿ 1-1/8 ಇದ್ದು ಹೊಸ ಇಂಜಿನ್ 1 ಇಂಚು ಇದ್ರೆ ಮಧ್ಯ ಹಾಕೋ ಸ್ಲೀವ್ ಬುಷ್ ಸಿಗುತ್ತೆ, ಎರಡಕ್ಕೂ ಕೀ (ಶಾಫ್ಟ್ ಮೇಲೆ ಪುಲಿ ಜಾರದಂತೆ ಮಧ್ಯ ಕೂರಿಸೋ ಲೋಹದ ತುಂಡು) ಅಗಲ ಕಾಲು ಇಂಚೇ ಆಗಿರೋದ್ರಿಂದ ದೊಡ್ಡ ತೊಂದರೆ ಇಲ್ಲ, ಎತ್ತರದ ಕೀ ಬೇಕಾಗುತ್ತೆ ಅಷ್ಟೆ. ಆದ್ರೆ ಉಲ್ಟಾ ಇದ್ರೆ, ಅಂದ್ರೆ ಪುಲಿ ತೂತು 1 ಇಂಚು, ಶಾಫ್ಟ್ 1-1/8, ಆಗ ಪುಲಿ ಬೋರ್ ಮಾಡಿಸಬೇಕು ಇಲ್ಲಾ ಹೊಸ ಪುಲಿ ತಗೋಬೇಕು. ಬೇರೆ ದೇಶದ ಮಾರ್ಕೆಟ್‌ಗೆ ಮಾಡಿದ 25 ಮಿಲಿಮೀಟರ್ ಶಾಫ್ಟ್ ಇಂಜಿನ್ ಕೂಡ ಆನ್‌ಲೈನ್‌ನಲ್ಲಿ ಓಡಾಡ್ತಿರುತ್ತೆ, 1 ಇಂಚು ಅಂದ್ರೆ 25.4. ಕಣ್ಣಿಗೆ ವ್ಯತ್ಯಾಸ ಕಾಣಲ್ಲ, ಪುಲಿ ಹಾಕಿ ಸ್ಟಾರ್ಟ್ ಮಾಡಿದಾಗ ಗಡಗಡ ಅನ್ನುತ್ತೆ.

ಆಮೇಲೆ ಶಾಫ್ಟ್ ಉದ್ದ, ಕೀವೇ, ಅಂದ್ರೆ ಆ ಕೀ ಕೂರೋ ಗಾಡಿ, ಎಲ್ಲಿವರೆಗೆ ಕೊರೆದಿದ್ದಾರೆ, ತುದಿಯಲ್ಲಿ ಬೋಲ್ಟ್ ತೂತು ಯಾವ ಸೈಜು. ಎಲೆಕ್ಟ್ರಿಕ್ ಪಿಟಿಒ ಕ್ಲಚ್ ಮತ್ತೆ ಡ್ರೈವ್ ಪುಲಿ ಎರಡೂ ಒಂದೇ ಶಾಫ್ಟ್ ಮೇಲೆ ಕೂರಬೇಕಾದ್ರೆ ಉದ್ದ ಶಾಫ್ಟ್ ಬೇಕು, ಸಾಮಾನ್ಯ ಸಿಂಗಲ್ ಸಿಲಿಂಡರ್ ಇಂಜಿನ್‌ದು ಗಿಡ್ಡ ಆಗಿ ಹೋಗುತ್ತೆ. ಶಾಫ್ಟ್ ಮಧ್ಯದಿಂದ ಇಂಜಿನ್ ತಳದವರೆಗಿನ ಎತ್ತರ ಅಳೀರಿ. ಹೊಸದು ಗಿಡ್ಡ ಇದ್ರೆ ಕೆಳಗೆ ದಪ್ಪ ಪ್ಲೇಟ್ ಕೊಟ್ಟು ಎತ್ತರಿಸಬಹುದು, ಎತ್ತರ ಜಾಸ್ತಿ ಇದ್ರೆ ಚಾಸಿ ಕೊರೆಯಬೇಕಾಗುತ್ತೆ, ಅದು ರಗಳೆ. ಬೋಲ್ಟ್ ತೂತುಗಳು ಹೇಗಿದ್ರೂ ಕೂಡಲ್ಲ ಅಂತಲೇ ಅಂದ್ಕೊಳ್ಳಿ, ಅರ್ಧ ಇಂಚಿನ ಪ್ಲೇಟ್‌ನಲ್ಲಿ ಹಳೇ ತೂತು ಹೊಸ ತೂತು ಎರಡೂ ಹಾಕಿದ್ರೆ ಆಯ್ತು.

ಕೊನೆಗೆ ಬಾನೆಟ್ ಮುಚ್ಚುತ್ತಾ? ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಎತ್ತರ ಲೆಕ್ಕ ಹಾಕಿ. ವಿ-ಟ್ವಿನ್ ಅಗಲ ಜಾಸ್ತಿ, ಹಳೇ ಸಿಂಗಲ್ ಸಿಲಿಂಡರ್ ಗಾಡಿಯ ಸೈಡ್ ಪ್ಯಾನಲ್ ಒಳಗೆ ಕೂರದೇ ಇರಬಹುದು. ಕಾರ್ಡ್‌ಬೋರ್ಡ್ ಡಬ್ಬಿ ಒಂದನ್ನ ಹೊಸ ಇಂಜಿನ್ ಅಳತೆಗೆ ಕತ್ತರಿಸಿ ಗಾಡಿ ಮೇಲೆ ಇಟ್ಟು ಬಾನೆಟ್ ಮುಚ್ಚಿ ನೋಡಿ, ಮಕ್ಕಳಾಟ ಅನಿಸಿದ್ರೂ ಕೆಲಸ ಮಾಡುತ್ತೆ.

ಸೆಕೆಂಡ್‌ಹ್ಯಾಂಡ್ ಇಂಜಿನ್ ತಗೊಳ್ಳೋರಿಗೆ ಇನ್ನೊಂದು. ಜನರೇಟರಿಂದ ಬಿಚ್ಚಿದ ಇಂಜಿನ್ ತುಂಬಾ ಸಸ್ತಾಗೆ ಬರುತ್ತೆ, ಅದರ ಶಾಫ್ಟ್ ಬಹಳ ಸಲ ಟೇಪರ್ ಇರುತ್ತೆ, ಪುಲಿ ಕೂರಲ್ಲ. ನಮ್ಮ ಕಡೆ ಗೆಳೆಯರೊಬ್ಬರು ಅಂಥದ್ದು ತಂದು ಫೋನ್ ಮಾಡಿ "ಮಾರಾಯಾ, ಶಾಫ್ಟ್ ತುದಿ ಸಣ್ಣ ಆಗ್ತಾ ಹೋಗುತ್ತಲ್ಲೋ, ಸವೆದಿದ್ಯಾ?" ಅಂತ ಕೇಳಿದ್ರು. ಸವೆದಿಲ್ಲ, ಹುಟ್ಟಿದ್ದೇ ಹಾಗೆ. ಪಂಪಿನ ಇಂಜಿನ್ ಆದ್ರೆ ಶಾಫ್ಟ್‌ಗೆ ತಿರುಪಿನ ಥ್ರೆಡ್ ಇರಬಹುದು, ಕಾಂಕ್ರೀಟ್ ಮಿಕ್ಸರ್‌ದು ಆದ್ರೆ ಪಕ್ಕದಲ್ಲೇ ಗೇರ್ ರಿಡಕ್ಷನ್ ಇರಬಹುದು. ಹೋಂಡಾ ಜಿಎಕ್ಸ್390 ಅಂತ ಬರೆದಿದ್ರೆ ಸಾಲದು, ಅದರ ಹಿಂದೆ ಬರೋ ಟೈಪ್ ಅಕ್ಷರಗಳು ಕೇಳಿ. ಬ್ರಿಗ್ಸ್ (ಬ್ರಿಗ್ಸ್ ಅಂಡ್ ಸ್ಟ್ರಾಟನ್ ಕಂಪನಿ) ಆದ್ರೆ ಮಾಡೆಲ್ ನಂಬರ್ ಜೊತೆ ಟೈಪ್ ನಂಬರ್, ಕೋಹ್ಲರ್ ಆದ್ರೆ ಸ್ಪೆಕ್ ನಂಬರ್, ಶಾಫ್ಟ್ ವಿಷಯ ಇರೋದು ಅದರಲ್ಲೇ. ಕೋಹ್ಲರ್ ಕಮಾಂಡ್‌ನಲ್ಲಿ ಸಿಎಚ್ ಅಂದ್ರೆ ಅಡ್ಡ ಶಾಫ್ಟ್, ಸಿವಿ ಅಂದ್ರೆ ಕೆಳಮುಖ. ಬ್ರಿಗ್ಸ್‌ನಲ್ಲಿ ಹಳೇ ಆರು ಅಂಕಿ ಮಾಡೆಲ್ ಉದಾಹರಣೆಗೆ 305447 ತಗೊಳ್ಳಿ, ಮೊದಲ 30 ಅನ್ನೋದು ಕ್ಯೂಬಿಕ್ ಇಂಚಿನ ಲೆಕ್ಕ, ನಾಲ್ಕನೇ ಅಂಕಿ 0ಯಿಂದ 4ರ ಒಳಗಿದ್ರೆ ಶಾಫ್ಟ್ ಅಡ್ಡ, 5 ಮತ್ತು ಮೇಲಿದ್ರೆ ಕೆಳಮುಖ. ಕೊನೇ 7 ಅಂದ್ರೆ 12 ವೋಲ್ಟ್ ಸ್ಟಾರ್ಟರ್ ಜೊತೆ ಚಾರ್ಜಿಂಗ್ ಇದೆ ಅಂತ. ಮಾರೋರು ಫೋನ್‌ನಲ್ಲಿ ಎಲ್ಲಾ ಸರಿಯಾಗಿದೆ ಬನ್ನಿ ಅಂತಾರೆ, ನೀವು ನಂಬರ್ ಪ್ಲೇಟ್ ಫೋಟೋ ಕಳ್ಸಿ ಅನ್ನಿ.

ಈಗ ಎಚ್‌ಪಿ ವಿಷಯಕ್ಕೆ ಬರೋಣ

ಕೆ301 12 ಎಚ್‌ಪಿ, ಸುಮಾರು 476 ಸಿಸಿ. ಇವತ್ತಿನ ಹೋಂಡಾ ಜಿಎಕ್ಸ್390 389 ಸಿಸಿ, 3600 ಆರ್‌ಪಿಎಂನಲ್ಲಿ ನೆಟ್ 11.7 ಎಚ್‌ಪಿ. ಇದೇ ಇಂಜಿನ್ನ ಮುಂಚೆ 13 ಎಚ್‌ಪಿ ಅಂತ ಮಾರ್ತಿದ್ರು. ಗ್ರಾಸ್ ಎಚ್‌ಪಿ ಅಂದ್ರೆ ಏರ್ ಫಿಲ್ಟರ್, ಸೈಲೆನ್ಸರ್ ತರದ್ದು ಇಲ್ಲದೆ ಟೆಸ್ಟ್ ಬೆಂಚ್ ಮೇಲೆ ಬಂದಿದ್ದು, ನೆಟ್ ಅಂದ್ರೆ ಎಲ್ಲಾ ಹಾಕಿದ ಮೇಲೆ ಉಳಿದಿದ್ದು. ಲಾನ್‌ಮೋವರ್ ಕಂಪನಿಗಳು ಎಚ್‌ಪಿ ಜಾಸ್ತಿ ಬರೀತಾರೆ ಅಂತ ಇಲ್ಲಿ ದೊಡ್ಡ ಕೇಸೇ ನಡೆದು 2010ರಲ್ಲಿ ಸೆಟಲ್ ಆಯ್ತು, ಈಗ ಎಷ್ಟೋ ಡಬ್ಬಿ ಮೇಲೆ ಎಚ್‌ಪಿ ಬದಲು ಬರೀ ಸಿಸಿ, ಟಾರ್ಕ್ ಇರೋದು ನೀವೂ ನೋಡಿರ್ತೀರಿ. ಹಾಗಾಗಿ ಹೋಲಿಸೋವಾಗ ಸಿಸಿ ಮತ್ತೆ ಟಾರ್ಕ್ (ತಿರುಗಿಸೋ ಬಲ) ನೋಡಿ.

ಕಾಗದದ ಮೇಲೆ 12ಕ್ಕೆ 12 ಸರಿ ಹೋಯ್ತು, ಆದ್ರೆ ಕೆಲಸದಲ್ಲಿ ಎರಡೂ ಒಂದೇ ತರ ಇರಲ್ಲ. ಕೆ301 ನೂರು ಪೌಂಡ್ ದಾಟುತ್ತೆ, ಅದರ ಫ್ಲೈವೀಲ್ಲೇ ಒಂದು ಗುಂಡುಕಲ್ಲು, ದಪ್ಪ ಹುಲ್ಲಿಗೋ ಗಟ್ಟಿ ಮಣ್ಣಿಗೋ ಸಿಕ್ಕಿದಾಗ ಇಂಜಿನ್ ಡಗ್ ಡಗ್ ಅಂತ ಎಳ್ಕೊಂಡು ಹೋಗುತ್ತೆ. ಹೊಸ ಅಲ್ಯೂಮಿನಿಯಂ ಸಿಂಗಲ್ ಎಪ್ಪತ್ತು ಪೌಂಡ್ ಆಸುಪಾಸು, ಫ್ಲೈವೀಲ್ ಹಗುರ, ಲೋಡ್ ಬಿದ್ದ ತಕ್ಷಣ ಆರ್‌ಪಿಎಂ ಇಳಿದು ಗವರ್ನರ್ (ಇಂಜಿನ್ ಸ್ಪೀಡ್ ಹತೋಟಿಯಲ್ಲಿಡೋ ಭಾಗ) ಥ್ರಾಟಲ್ ಕೊಟ್ಟು ಮೇಲೆತ್ತಬೇಕು. ಜೊತೆಗೆ ಮುಂಭಾಗದ ತೂಕ ಇಳಿಯೋದ್ರಿಂದ ಹಿಂದೆ ನೇಗಿಲು ಇಲ್ಲಾ ಟಿಲ್ಲರ್ ಕಟ್ಟಿ ಎತ್ತಿದಾಗ ಮುಂದಿನ ಚಕ್ರ ಹಗುರ ಆಗಿ ಸ್ಟೀರಿಂಗ್ ಮಾತು ಕೇಳಲ್ಲ, ಮುಂದೆ ತೂಕ ಕಟ್ಟಬೇಕಾಗುತ್ತೆ.

ನನ್ನ ಲೆಕ್ಕ ಹೀಗಿದೆ. ಬರೀ ಹುಲ್ಲು ಕತ್ತರಿಸಿ ಟ್ರೈಲರ್ ಎಳೆಯೋರಿಗೆ 10-12 ಎಚ್‌ಪಿ ಜಾಗಕ್ಕೆ 390ರಿಂದ 440 ಸಿಸಿ ಸಿಂಗಲ್ ಸಾಕು. ಹಿಂದೆ ಟಿಲ್ಲರ್ ಹಾಕಿ ಅವರೆ, ಬದನೆ, ಮೆಣಸಿನಕಾಯಿ ಪಾತಿ ಮಾಡೋರು, ಸ್ನೋ ಬ್ಲೋವರ್ ಓಡಿಸೋರು 14-16 ಎಚ್‌ಪಿ ಜಾಗಕ್ಕೆ ವಿ-ಟ್ವಿನ್ ನೋಡಿ, 16 ಇಲ್ಲಾ 18 ಎಚ್‌ಪಿ ಸಾಕು. 22 ಹಾಕಿದ್ರೆ ತಪ್ಪೇನಿಲ್ಲ, ಬೆಲ್ಟ್ ಗಾಡಿಯಲ್ಲಿ ಬೆಲ್ಟ್ ಜಾರೋದು ಮೊದಲು ಬರುತ್ತೆ, ಆ ಹೆಚ್ಚಿನ ಪವರ್ ನೆಲ ಮುಟ್ಟಲ್ಲ, ಪೆಟ್ರೋಲ್ ಮಾತ್ರ ಮುಟ್ಟುತ್ತೆ. ಮಾತು ಬಂತು ಅಂತ ಹೇಳ್ತೀನಿ, ಯಾರೋ ಯೂಟ್ಯೂಬ್‌ನಲ್ಲಿ ಹೇಳಿದ್ರು ಅಂತ ಗವರ್ನರ್ ತೆಗೆಯೋಕೆ ಹೋಗ್ಬೇಡಿ, 3600ಕ್ಕಿಂತ ಮೇಲೆ ಓಡಿಸಿದ್ರೆ ರಾಡ್ ಮುರಿಯುತ್ತೆ, ಫ್ಲೈವೀಲ್ ಒಡೆದ್ರೆ ಅದು ಕೂತಿರೋರ ಕಾಲಿನ ಹತ್ತಿರವೇ ಇರುತ್ತೆ.

ಜಾಗ ಇಳಿಜಾರು ಇದ್ರೆ ಇನ್ನೊಂದು ಪ್ರಶ್ನೆ ಇದೆ. ಸಣ್ಣ ಸಿಂಗಲ್‌ಗಳಲ್ಲಿ ಆಯಿಲ್ ಎರಚಿ ಲೂಬ್ರಿಕೇಷನ್ ಆಗೋದು, ಪಂಪ್ ಇರಲ್ಲ, ಜಿಎಕ್ಸ್ ತರದ್ದನ್ನ 20 ಡಿಗ್ರಿಗಿಂತ ಜಾಸ್ತಿ ವಾಲಿಸೋ ಹಾಗಿಲ್ಲ. ಆಯಿಲ್ ಕಮ್ಮಿ ಆದ್ರೆ ತಾನೇ ಆಫ್ ಆಗೋ ಸೆನ್ಸರ್ ಇರೋ ಇಂಜಿನ್ ಆದ್ರೆ ಇಳಿಜಾರಲ್ಲಿ ಸುಮ್ಮಸುಮ್ಮನೆ ನಿಂತು ಹೋಗುತ್ತೆ, ಜನ ಕಾರ್ಬ್ಯುರೇಟರ್ ಬಿಚ್ಚಿ ಬಿಚ್ಚಿ ನೋಡ್ತಾರೆ. ಒಳ್ಳೆ ವಿ-ಟ್ವಿನ್‌ಗಳಲ್ಲಿ ಆಯಿಲ್ ಪಂಪು ಫಿಲ್ಟರು ಎರಡೂ ಇರುತ್ತೆ.

ವೈರಿಂಗ್, ಇಲ್ಲಿ ಜನ ಕಾಯಿಲ್ ಸುಟ್ಕೊಳ್ಳೋದು

ಹಳೇ ಕೋಹ್ಲರ್ ಕೆ ಇಂಜಿನ್‌ಗೆ ಬ್ಯಾಟರಿ ಇಗ್ನಿಷನ್. ಕೀ ಆನ್ ಮಾಡಿದ್ರೆ ಸ್ವಿಚ್ಚಿಂದ ಕಾಯಿಲ್‌ಗೆ 12 ವೋಲ್ಟ್ ಹೋಗುತ್ತೆ, ಪಾಯಿಂಟ್ ಅನ್ನೋ ಇಂಜಿನ್ ಒಳಗಿನ ಸ್ವಿಚ್ ತೆರೆದಾಗ ಸ್ಪಾರ್ಕ್. ಹೊಸ ಇಂಜಿನ್‌ಗಳಿಗೆ ಮ್ಯಾಗ್ನೆಟೋ ಇಗ್ನಿಷನ್, ಅದಕ್ಕೆ ಬ್ಯಾಟರಿ ಬೇಡವೇ ಬೇಡ, ನಿಲ್ಲಿಸೋಕೆ ಮಾತ್ರ ಒಂದು ಕಿಲ್ ವೈರ್, ಅದನ್ನ ಬಾಡಿಗೆ ಅಂದ್ರೆ ಅರ್ಥ್‌ಗೆ ಮುಟ್ಟಿಸಿದ್ರೆ ಇಂಜಿನ್ ನಿಲ್ಲುತ್ತೆ. ಒಂದು ಓಡೋಕೆ ಕರೆಂಟ್ ಕೇಳುತ್ತೆ, ಇನ್ನೊಂದು ನಿಲ್ಲೋಕೆ ಅರ್ಥ್ ಕೇಳುತ್ತೆ. ಹಳೇ ಕಾಯಿಲ್ ವೈರನ್ನ ಹೊಸ ಕಿಲ್ ವೈರ್‌ಗೆ ಸೇರಿಸಿದ್ರೆ 12 ವೋಲ್ಟ್ ಸೀದಾ ಮ್ಯಾಗ್ನೆಟೋ ಕಾಯಿಲ್‌ಗೆ ನುಗ್ಗಿ ಅದು ಸುಟ್ಟು ಹೋಗುತ್ತೆ, ಹೊಸ ಇಂಜಿನ್ ಒಂದು ಸಲವೂ ಸ್ಟಾರ್ಟ್ ಆಗಲ್ಲ.

ಮಲ್ಟಿಮೀಟರ್ ತಗೊಂಡು ಹೀಗೆ ನೋಡಿ. ಹಳೇ ಕಾಯಿಲ್‌ಗೆ ಹೋಗ್ತಿದ್ದ ವೈರ್ ಬಿಚ್ಚಿ, ಮೀಟರ್ ಡಿಸಿ ವೋಲ್ಟ್‌ಗೆ ಇಟ್ಟು, ಕೆಂಪು ಆ ವೈರ್‌ಗೆ, ಕಪ್ಪು ಚಾಸಿಗೆ. ಕೀ ಆನ್ ಮಾಡಿ. 12 ವೋಲ್ಟ್ ತೋರಿಸ್ತಾ, ಆ ವೈರ್ ಕಿಲ್ ವೈರ್ ಹತ್ರ ಸುಳಿಯಬಾರದು. ನಿಮಗೆ ಬೇಕಾಗಿರೋದು ಕೀ ಆಫ್ ಇದ್ದಾಗ ಅರ್ಥ್‌ಗೆ ಕಂಟಿನ್ಯುಟಿ, ಆನ್ ಇದ್ದಾಗ ಏನೂ ಇಲ್ಲ, ವೋಲ್ಟೇಜೂ ಇಲ್ಲ ಅರ್ಥೂ ಇಲ್ಲ. ಇದಕ್ಕೆ ಮ್ಯಾಗ್ನೆಟೋ ಟೈಪ್ ಐದು ಪಿನ್ ಇಗ್ನಿಷನ್ ಸ್ವಿಚ್ ಸಿಗುತ್ತೆ, ರೇಟ್ ಏನಿಲ್ಲ. ಹಳೇ ಸ್ವಿಚ್ಚೇ ಇರ್ಲಿ ಅನ್ನೋರು ಐದು ಪಿನ್ನಿನ ಕಾರ್ ರಿಲೇ ಹಾಕಿ: 86ಕ್ಕೆ ಹಳೇ ಕಾಯಿಲ್ ವೈರ್, 85 ಅರ್ಥ್, 30ಕ್ಕೆ ಕಿಲ್ ವೈರ್, 87ಎ ಅರ್ಥ್. ಕೀ ಆನ್ ಮಾಡಿದ್ರೆ ರಿಲೇ ಎಳೆದು ಕಿಲ್ ವೈರ್ ಬಿಡುಗಡೆ, ಆಫ್ ಮಾಡಿದ್ರೆ ಅರ್ಥ್. ಕಾರ್ಬ್ಯುರೇಟರ್ ತಳದಲ್ಲಿ ಫ್ಯೂಯಲ್ ಸೊಲೆನಾಯ್ಡ್ ಇರೋ ಇಂಜಿನ್ ಆದ್ರೆ ಅದಕ್ಕೂ ಅದೇ ಹಳೇ 12 ವೋಲ್ಟ್ ವೈರಿಂದ ಕೊಡಬಹುದು. ವಿ-ಟ್ವಿನ್‌ನಲ್ಲಿ ಎರಡು ಕಾಯಿಲ್, ಕಿಲ್ ವೈರ್ ಮಧ್ಯ ಡಯೋಡ್ ಇರಬಹುದು, ಆ ಹಾರ್ನೆಸ್ ಕತ್ತರಿಸಬೇಡಿ.

ಸೀಟ್ ಸ್ವಿಚ್, ಪಿಟಿಒ ಸ್ವಿಚ್ ಇದ್ರೆ ಅದನ್ನೂ ಇದೇ ಲೆಕ್ಕದಲ್ಲಿ ತಿರುಗಿ ಸೇರಿಸಿ, ಬೈಪಾಸ್ ಮಾಡಿ ಕೈ ತೊಳ್ಕೋಬೇಡಿ, ಮನೇಲಿ ಮಕ್ಕಳು ಓಡಾಡ್ತಿರ್ತಾರೆ.

ಹಳೇ ಗಾಡಿಯಲ್ಲಿ ಸ್ಟಾರ್ಟರು ಜನರೇಟರು ಎರಡೂ ಒಂದೇ ಆಗಿರೋ ಬೆಲ್ಟ್ ಮೋಟರ್ ಇದ್ರೆ ಹೊಸ ಇಂಜಿನ್‌ನದೇ ಸ್ಟಾರ್ಟರ್ ಇರೋದ್ರಿಂದ ಅದು, ಅದರ ರೆಗ್ಯುಲೇಟರ್ ಎರಡೂ ಹೋಗುತ್ತೆ. ಆದ್ರೆ ಚಾರ್ಜಿಂಗ್ ಎಷ್ಟು ಆಂಪ್ ಅಂತ ಕೇಳಿ. ಎಲೆಕ್ಟ್ರಿಕ್ ಪಿಟಿಒ ಕ್ಲಚ್ ನಾಲ್ಕೈದು ಆಂಪ್ ಎಳೆಯುತ್ತೆ, ಮೇಲೆ ಹೆಡ್‌ಲೈಟು. ಸಸ್ತಾ ಸಿಂಗಲ್‌ಗಳಲ್ಲಿ ಚಾರ್ಜಿಂಗ್ 3 ಆಂಪ್ ಇಲ್ಲಾ ಅದಕ್ಕೂ ಕಮ್ಮಿ, ಅರ್ಧ ಲಾನ್ ಕತ್ತರಿಸೋ ಹೊತ್ತಿಗೆ ಬ್ಯಾಟರಿ ಕೂತು ಕ್ಲಚ್ ಬಿಟ್ಟುಕೊಳ್ಳುತ್ತೆ. ಎಲೆಕ್ಟ್ರಿಕ್ ಕ್ಲಚ್ ಇದ್ರೆ 15 ಆಂಪ್ ಆಸುಪಾಸು ಚಾರ್ಜಿಂಗ್ ಇರೋ ಇಂಜಿನ್ನೇ ಬೇಕು. ಕೈಯಿಂದ ಎಳೆಯೋ ಮೆಕ್ಯಾನಿಕಲ್ ಪಿಟಿಒ ಆದ್ರೆ ಈ ತಲೆನೋವಿಲ್ಲ.

ಯಾವುದು ತಗೊಳ್ಳೋದು ಹಾಗಾದ್ರೆ

ಹಾರ್ಬರ್ ಫ್ರೈಟ್‌ನ ಪ್ರಿಡೇಟರ್ 420 ಸಿಸಿ, 1 ಇಂಚು ಶಾಫ್ಟ್. ಕೈಯಲ್ಲಿ ಗೇರ್ ಹಾಕೋ, ಮೆಕ್ಯಾನಿಕಲ್ ಪಿಟಿಒ ಇರೋ ವೀಲ್ ಹಾರ್ಸ್ ತರದ ಬೆಲ್ಟ್ ಗಾಡಿಗೆ ದುಡ್ಡಿಗೆ ತಕ್ಕ ಇಂಜಿನ್ನು, ನಾನಾದ್ರೆ ಕಣ್ಣು ಮುಚ್ಚಿ ಹಾಕ್ತೀನಿ. ವರ್ಷಕ್ಕೆ ಮೂವತ್ತು ನಲವತ್ತು ಗಂಟೆ ಓಡೋ ಗಾಡಿಗೆ ಇದಕ್ಕಿಂತ ಜಾಸ್ತಿ ಯಾಕೆ. ಎಲೆಕ್ಟ್ರಿಕ್ ಸ್ಟಾರ್ಟ್ ಇರೋದಾ, ಬರೀ ಹಗ್ಗ ಎಳೆಯೋದಾ ಅಂತ ನೋಡ್ಕೊಂಡು ತಗೊಳ್ಳಿ. ಅದೇ ಕಂಪನಿಯ 670 ಸಿಸಿ ವಿ-ಟ್ವಿನ್ ಕೂಡ ಇದೆ, 22 ಎಚ್‌ಪಿ ಅಂತ ಮಾರ್ತಾರೆ, ಅದರಲ್ಲಿ ಚಾರ್ಜಿಂಗ್ ಮತ್ತೆ ಶಾಫ್ಟ್ ಉದ್ದ ನಿಮ್ಮ ಕ್ಲಚ್‌ಗೆ ಸಾಕಾಗುತ್ತಾ ಅಂತ ಮೊದ್ಲೇ ಅಳೀರಿ.

ಜಿಎಕ್ಸ್390 ಚೆನ್ನಾಗೇ ಇದೆ, ದುಬಾರಿ. ಕೋಹ್ಲರ್ ಅಂದ್ರೆ ಕೋಹ್ಲರ್ರೇ ಬೇಕು ಅನ್ನೋರಿಗೆ ಕಮಾಂಡ್ ಪ್ರೊ ಸಿಎಚ್440 ಇದೆ, 429 ಸಿಸಿ, 14 ಎಚ್‌ಪಿ ಅಂತ ಬರೆದಿರುತ್ತೆ. ಕೋಹ್ಲರ್ ಇಂಜಿನ್ ವ್ಯವಹಾರ 2024ರಲ್ಲಿ ಕೈ ಬದಲಾಗಿ ರೆಹ್ಲ್ಕೊ ಅಂತ ಹೆಸರಾಗಿದೆ, ಪಾರ್ಟ್ ಹುಡುಕೋವಾಗ ಎರಡೂ ಹೆಸರಲ್ಲಿ ಹುಡುಕಿ.

ಆನನ್ ಇದ್ದ ಜಾಗಕ್ಕೆ, ಇಲ್ಲಾ ಕೆ341 ಇದ್ದ ಜಾಗಕ್ಕೆ ನಾನು ಹೇಳೋದು ಬ್ರಿಗ್ಸ್ ವ್ಯಾನ್‌ಗಾರ್ಡ್ ವಿ-ಟ್ವಿನ್. ಆಯಿಲ್ ಪಂಪು, ಫಿಲ್ಟರು, ಎಲೆಕ್ಟ್ರಿಕ್ ಕ್ಲಚ್ ತಡೆಯೋ ಚಾರ್ಜಿಂಗು ಎಲ್ಲಾ ಇರುತ್ತೆ, ಕಿಟ್ ಮಾಡೋರು ಹೆಚ್ಚಾಗಿ ಇದಕ್ಕೇ ಮಾಡ್ತಾರೆ. ಹೊಸದಕ್ಕೆ ಸಾವಿರ ಡಾಲರ್ ದಾಟುತ್ತೆ. ಹೊಟ್ಟೆ ಉರಿದ್ರೆ ಹಳೇ ಕಮರ್ಷಿಯಲ್ ಮೋವರ್, ವೆಲ್ಡಿಂಗ್ ಮಷೀನ್‌ಗಳಿಂದ ಬಿಚ್ಚಿದ್ದು ಹುಡುಕಿ, ಓಡ್ತಿರೋದನ್ನ ಕಣ್ಣಾರೆ ನೋಡಿ, ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡ್ಸಿ, ನೀವು ಹೋಗೋ ಮುಂಚೆನೇ ಬಿಸಿ ಮಾಡಿ ಇಟ್ಟಿದ್ರೆ ಅನುಮಾನ ಪಡಿ. ಕ್ಯಾಲಿಫೋರ್ನಿಯಾದಲ್ಲಿರೋರು ಅಲ್ಲಿನ ಏರ್ ಬೋರ್ಡ್ (ವಾಯುಮಾಲಿನ್ಯ ನೋಡೋ ಸರ್ಕಾರಿ ಇಲಾಖೆ) ಲೇಬಲ್ ಇಲ್ಲದ ಇಂಜಿನ್ ಎಷ್ಟೋ ಅಂಗಡಿಗಳು ಕಳಿಸಲ್ಲ ಅನ್ನೋದು ತಿಳ್ಕೊಂಡಿರಿ.

ಕೂರಿಸೋವಾಗ

ಸೈಲೆನ್ಸರ್ ಯಾವ ಕಡೆ ಬಾಯಿ ಬಿಡುತ್ತೆ ನೋಡಿ. ಹೊಸ ಇಂಜಿನ್ ಜೊತೆ ಬಂದ ಡಬ್ಬ ಸೈಲೆನ್ಸರ್ ಪೆಟ್ರೋಲ್ ಟ್ಯಾಂಕ್ ಕಡೆಗೋ, ನಿಮ್ಮ ಮೊಣಕಾಲ ಕಡೆಗೋ, ಬಾನೆಟ್ ತಗಡಿಗೋ ಬಿಸಿ ಊದಬಾರದು. ಫ್ಲೈವೀಲ್ ಫ್ಯಾನ್ ಗಾಳಿ ಎಳೆಯೋ ಕಡೆ ಡ್ಯಾಶ್‌ಬೋರ್ಡ್ ತಗಡು ಅಂಟಿಕೊಂಡ ಹಾಗೆ ಇದ್ರೆ ಅದು ತನ್ನದೇ ಬಿಸಿ ಗಾಳಿ ತಿರುಗಿ ಕುಡಿಯುತ್ತೆ, ಮಧ್ಯ ಸಾಕಷ್ಟು ಜಾಗ ಬಿಡಿ. ಟ್ಯಾಂಕ್ ಕಾರ್ಬ್ಯುರೇಟರ್‌ಗಿಂತ ಕೆಳಗಿದ್ರೆ ಫ್ಯೂಯಲ್ ಪಂಪ್ ಬೇಕು. ಹಳೇ ಪೆಟ್ರೋಲ್ ಪೈಪ್ ಹೇಗಿದ್ರೂ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತೆ, ಇಲ್ಲಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರೋದ್ರಿಂದ ಅದಕ್ಕೆ ತಡೆಯೋ ಪೈಪು ಹಾಕಿ, ಫಿಲ್ಟರ್ ಹೊಸದು ಹಾಕಿ. ಥ್ರಾಟಲ್ ಕೇಬಲ್ ಹಳೇದು ಎಳೆದ್ರೆ ಸ್ಪೀಡ್ ಅಂತಿದ್ದು ಹೊಸದರಲ್ಲಿ ತಳ್ಳಿದ್ರೆ ಸ್ಪೀಡ್ ಆಗಬಹುದು, ಲಿವರ್ ಇನ್ನೊಂದು ಕಡೆಯಿಂದ ಹಿಡಿಸಿದ್ರೆ ಸರಿ ಹೋಗುತ್ತೆ. ಎಲೆಕ್ಟ್ರಿಕ್ ಕ್ಲಚ್‌ನ ಹೊರಭಾಗ ತಿರುಗದಂತೆ ತಡೆಯೋ ಪಿನ್ ಮರೀಬೇಡಿ, ಮರೆತ್ರೆ ಕ್ಲಚ್ ಆನ್ ಮಾಡಿದ ಕ್ಷಣ ಅದರ ವೈರ್ ಕಿತ್ತು ಬರುತ್ತೆ.

ಹೊಸ ಇಂಜಿನ್ ಆಯಿಲ್ ಇಲ್ಲದೆ ಬರುತ್ತೆ, ಡಬ್ಬಿ ಮೇಲೆ ಬರೆದಿದ್ರೂ ಹಾಗೇ ಸ್ಟಾರ್ಟ್ ಮಾಡೋರು ಇದ್ದಾರೆ. ಆಯಿಲ್ ಹಾಕಿ, ಮೊದಲ ಸಲ ಪಿಟಿಒ ಹಾಕದೆ ಸುಮ್ಮನೆ ಓಡಿಸಿ, ನಿಲ್ಲಿಸಿ, ಎಲ್ಲಾ ಮೌಂಟ್ ಬೋಲ್ಟ್ ಇನ್ನೊಂದು ಸಲ ಬಿಗಿ ಮಾಡಿ, ಪುಲಿಯ ಸೆಟ್ ಸ್ಕ್ರೂ ಕೂಡ. ಮೊದಲ ಆಯಿಲ್ ಚೇಂಜ್ ಬೇಗ ಮಾಡಿ, ಕೋಹ್ಲರ್ 5 ಗಂಟೆಗೆ ಅನ್ನುತ್ತೆ, ಹೋಂಡಾ 20 ಗಂಟೆಗೆ. ಇಳಿಸಿದ ಹಳೇ ಇಂಜಿನ್ ಗುಜರಿಗೆ ಕೊಡಬೇಡಿ. ಕೆ ಇಂಜಿನ್‌ನ ತಗಡು ಕವರ್, ಕಾರ್ಬ್ಯುರೇಟರ್, ಆಯಿಲ್ ಪ್ಯಾನ್, ಆ ಬೆಲ್ಟ್ ಸ್ಟಾರ್ಟರ್ ಮೋಟರ್, ಇವಕ್ಕೆಲ್ಲ ಹುಡುಕೋ ಜನ ಇದ್ದಾರೆ, ಬಿಡಿಬಿಡಿಯಾಗಿ ಮಾರಿದ್ರೆ ಸೈಲೆನ್ಸರ್ ದುಡ್ಡಾದ್ರೂ ವಾಪಸ್ ಬರುತ್ತೆ.